ಅಪಘಾತರಹಿತ ದಿನಗಳ ಬೋರ್ಡ್ ಬಿಡಿ, ಬೈಪಾಸ್ ಪಟ್ಟಿ ತರಿಸಿ

'ಕಾರ್ಖಾನೆಯಲ್ಲಿ ಮೂರು ವರ್ಷದಿಂದ ಒಂದೂ ಅಪಘಾತ ಇಲ್ಲ, ದೊಡ್ಡ ಅನಾಹುತ ಆಗದಂತೆ ಎಂ.ಡಿ. ಇನ್ನೇನು ಮಾಡಬೇಕು, ತರಬೇತಿಯೋ ಹೊಸ ಸಾಫ್ಟ್‌ವೇರೋ' ಅಂತ ಕೇಳಿದ್ದೀರಿ. ಆ 'ಮೂರು ವರ್ಷ' ಓದಿ ಎದೆ ಝಲ್ಲೆಂದಿತು. ಪ್ಲಾಂಟ್ ಹೆಡ್ ಆಗಿದ್ದಾಗ ನಾನೂ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದೆ.

ನಮ್ಮ ಸಾಲ್ವೆಂಟ್ (ಬೇಗ ಹೊತ್ತಿಕೊಳ್ಳುವ ದ್ರಾವಕ) ಟ್ಯಾಂಕ್ ತುಂಬಿದಾಗ ಪಂಪ್ ನಿಲ್ಲಿಸಬೇಕಾದ ಹೈ-ಲೆವೆಲ್ ಸ್ವಿಚ್, ತುಂಬದಿದ್ದಾಗಲೂ ಸುಮ್ಮಸುಮ್ಮನೆ ಪಂಪ್ ಟ್ರಿಪ್ ಮಾಡುತ್ತಿತ್ತು. ಹೊಸದು ಬರುವ ತನಕ ಎಂದು ಬೈಪಾಸಿಗೆ, ಅಂದರೆ ಆ ಸ್ವಿಚ್ಚನ್ನು ತಾತ್ಕಾಲಿಕವಾಗಿ ಕೆಲಸದಿಂದ ತಪ್ಪಿಸಲು, ಸಹಿ ಹಾಕಿದೆ. ಸಹಿ ತಪ್ಪಲ್ಲ. 'ಯಾವತ್ತಿನ ತನಕ' ಎಂಬ ಕಾಲಮ್ಮೇ ಆ ಫಾರ್ಮಿನಲ್ಲಿ ಇರಲಿಲ್ಲ, ನಾನು ಕೇಳಲೂ ಇಲ್ಲ. ತಪ್ಪಿದ್ದು ಅಲ್ಲೇ. ಹೊಸ ಸ್ವಿಚ್ ಬಂದು ಸ್ಟೋರಿನಲ್ಲಿ ಕೂತಿತು. ಅದನ್ನು ಹಾಕಲು ಪ್ಲಾಂಟ್ ನಿಲ್ಲಿಸಬೇಕು, ನಿಲ್ಲಿಸಿದರೆ ತಿಂಗಳ ಟಾರ್ಗೆಟ್ ತಪ್ಪುತ್ತದೆ. ಹೀಗೇ ಎಂಟು ತಿಂಗಳು ಕಳೆಯಿತು. ಹೊಸದಾಗಿ ಸೇರಿದ ಆಪರೇಟರುಗಳಿಗೆ ಬೈಪಾಸ್ ಇರುವುದೇ ಗೊತ್ತಿಲ್ಲ. ಒಂದು ರಾತ್ರಿ, ಟ್ಯಾಂಕ್ ಎಷ್ಟು ತುಂಬಿದೆ ಎಂದು ತೋರಿಸುವ ಲೆವೆಲ್ ಟ್ರಾನ್ಸ್‌ಮಿಟರ್ 78%ಕ್ಕೇ ಅಂಟಿಕೊಂಡಿತು, ಪಂಪ್ ಓಡುತ್ತಲೇ ಇತ್ತು, ಸಾಲ್ವೆಂಟ್ ಟ್ಯಾಂಕಿನ ಗಾಳಿಕೊಳವೆಯಿಂದ ಉಕ್ಕಿ ಡೈಕ್ (ಟ್ಯಾಂಕಿನ ಸುತ್ತಲಿನ ತಡೆಗೋಡೆಯ ಆವರಣ) ತುಂಬಿತು. ಕಿಡಿ ತಾಗಲಿಲ್ಲ, ಅಷ್ಟೇ. ಯಾರಿಗೂ ಗಾಯವಾಗದ ಕಾರಣ ಮರುದಿನ ಗೇಟಿನ ಬೋರ್ಡಿನಲ್ಲಿ ಇನ್ನೊಂದು 'ಅಪಘಾತರಹಿತ ದಿನ' ಸೇರಿತು.

ಅಮೆರಿಕದ ಬಳಿ ಸಮುದ್ರದಲ್ಲಿ ತೈಲಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟಗೊಂಡು 11 ಜನ ಸತ್ತದ್ದು 2010ರ ಏಪ್ರಿಲ್ 20ರಂದು. ಏಳು ವರ್ಷ ಕೆಲಸ ತಪ್ಪಿಸುವಂಥ ಗಾಯವಾಗಿಲ್ಲ ಎಂದು ಅಭಿನಂದಿಸಲು ಅಧಿಕಾರಿಗಳು ಆ ದಿನವೇ ರಿಗ್ಗಿಗೆ ಬಂದಿದ್ದರು. ಜಾರಿ ಬಿದ್ದವರ ಲೆಕ್ಕ ಬಾವಿಯ ಒತ್ತಡದ ಬಗ್ಗೆ ಏನೂ ಹೇಳುವುದಿಲ್ಲ.

ಭೋಪಾಲದಲ್ಲಿ ಎಂಐಸಿ (ಮೀಥೈಲ್ ಐಸೋಸಯನೇಟ್ ಎಂಬ ವಿಷ) ಟ್ಯಾಂಕನ್ನು ತಣ್ಣಗಿಡುವ ಯಂತ್ರ 1984ರ ಜೂನ್‌ನಿಂದಲೇ ಬಂದ್. ಹೊರಬರುವ ಅನಿಲವನ್ನು ಸುಡುವ ಫ್ಲೇರಿಗೆ ಹೋಗುವ ಪೈಪಿನ ತುಕ್ಕು ಹಿಡಿದ ತುಂಡನ್ನು ಬಿಚ್ಚಿಟ್ಟಿದ್ದರು. ಅನಿಲವನ್ನು ತೊಳೆದು ನಿರ್ವಿಷಗೊಳಿಸುವ ಸ್ಕ್ರಬ್ಬರ್ ಸ್ಟ್ಯಾಂಡ್‌ಬೈನಲ್ಲಿತ್ತು. ಡಿಸೆಂಬರ್ 2ರ ರಾತ್ರಿ ಟ್ಯಾಂಕಿಗೆ ನೀರು ಹೊಕ್ಕಾಗ ತಡೆಯಲು ಏನೂ ಉಳಿದಿರಲಿಲ್ಲ. ಇದನ್ನೆಲ್ಲ ಒಂದೇ ಹಾಳೆಯಲ್ಲಿ ನೋಡಿ 'ಟ್ಯಾಂಕ್ ಖಾಲಿ ಮಾಡಿ' ಎನ್ನಬೇಕಾದ್ದು ಮೇಲಿನವರ ಕೆಲಸ. ಆಪರೇಟರಿಗೆ ಎಷ್ಟು ತರಬೇತಿ ಕೊಟ್ಟರೂ ಆ ಅಧಿಕಾರ ಅವನಿಗೆ ಬರುವುದಿಲ್ಲ.

ಹಾಗಾಗಿ ತರಬೇತಿಯೂ ಬೇಡ, ಸಾಫ್ಟ್‌ವೇರೂ ಬೇಡ, ಈಗಲಂತೂ ಬೇಡ. ಪ್ರತಿ ಸೋಮವಾರ ಎಂ.ಡಿ. ಮೇಜಿಗೆ ಒಂದು ಹಾಳೆ ಬರಲಿ: ಬೈಪಾಸ್ ಆಗಿರುವ ಪ್ರತಿ ಇಂಟರ್‌ಲಾಕಿನ (ಅಪಾಯ ಕಂಡಾಗ ತಾನಾಗಿಯೇ ಯಂತ್ರ ನಿಲ್ಲಿಸುವ ಏರ್ಪಾಡಿನ) ಟ್ಯಾಗ್ ನಂಬರ್, ಕಾರಣ, ಅಲ್ಲಿಯವರೆಗಿನ ಬದಲಿ ಏರ್ಪಾಡು, ಮುಗಿಯುವ ತಾರೀಖು. ಬೈಪಾಸ್ 7 ದಿನ ದಾಟಿದರೆ ಎಂ.ಡಿ.ಯದೇ ಸಹಿ. ಎರಡನೇ ಸಲ ದಾಟಿದರೆ ಆ ಘಟಕ ನಿಲ್ಲಲಿ, ಟಾರ್ಗೆಟ್ ತಪ್ಪಿದ್ದಕ್ಕೆ ಪ್ಲಾಂಟ್ ಹೆಡ್‌ನ ಬೋನಸ್ ಕಡಿತವಾಗದಿರಲಿ. ಬೋನಸ್ ಕಡಿದರೆ ಪಟ್ಟಿ ಸುಳ್ಳು ಹೇಳಲು ಶುರುಮಾಡುತ್ತದೆ.

ತಿಂಗಳಿಗೊಮ್ಮೆ ಎಂ.ಡಿ.ಯೇ ರಾತ್ರಿ ಪಾಳಿಗೆ ಹೋಗಿ ಯಾವುದಾದರೊಂದು ಸ್ವಿಚ್ ಆಯ್ದು ಪರೀಕ್ಷಿಸಲು ಹೇಳಲಿ. ಕಂಟ್ರೋಲ್ ರೂಮಿನಿಂದ ಸಿಗ್ನಲ್ ಕೊಟ್ಟು ತೋರಿಸಿದರೆ ಒಪ್ಪಬಾರದು. ದ್ರವದ ಮೇಲೆ ತೇಲುವ, ಸ್ವಿಚ್ಚಿನ ಫ್ಲೋಟನ್ನು ಕೈಯಿಂದ ಎತ್ತಿಸಬೇಕು, ಪಂಪ್ ನಿಲ್ಲುವುದನ್ನು ಪಂಪಿನ ಪಕ್ಕದಲ್ಲೇ ನಿಂತು ನೋಡಬೇಕು.