ಬೇಲಿ ಹಾಕುವ ಮುಂಚೆ ಮೊಲ ಯಾವ ಕಡೆ ಇದೆ ನೋಡಿಕೊಳ್ಳಿ

ಹತ್ತು ಮನೆಯವರು ಸೇರಿ ಮಾಡಿದ ತರಕಾರಿ ತೋಟ, ರಾತ್ರಿ ಕಾಡುಮೊಲ ಬಂದು ಬೀನ್ಸ್ ಸಸಿ ಮೇಯ್ದು ಹೋಗುತ್ತದೆ, ಉರುಳು ಹಾಕಿ ಹಿಡಿದು ಬೆಟ್ಟಕ್ಕೆ ಬಿಡಬಹುದಾ ಅಂತ ಕೇಳಿದ್ದೀರಿ. ನನ್ನ ಕಥೆ ನಿಮಗೆ ಯಾರು ಹೇಳಿದರು ಸ್ವಾಮಿ?

ನಮ್ಮದು ಕೋಲಾರ. ಅಂತರಗಂಗೆ ಬೆಟ್ಟದ ಕಡೆ ಒಂದು ಎಕರೆ ಜಮೀನನ್ನು ಹದಿನೈದು ಮನೆಯವರು ಗುತ್ತಿಗೆಗೆ ಹಿಡಿದಿದ್ದೆವು. ತಲಾ ಎರಡು ಗುಂಟೆ. ಉಳಿದ ಹತ್ತು ಗುಂಟೆಯಲ್ಲಿ ದಾರಿ, ನೀರಿನ ತೊಟ್ಟಿ, ಮತ್ತೆ ಯಾರೂ ಕೈ ಹಾಕದ ಒಂದು ಹುಲ್ಲಿನ ಮೂಲೆ. ಆ ಮೂಲೆ ನೆನಪಿಟ್ಟುಕೊಳ್ಳಿ.

ಮಾರ್ಚ್ ತಿಂಗಳು. ಬೀನ್ಸ್ ಆಗತಾನೇ ಎಲೆ ಬಿಟ್ಟಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಒಂದು ಸಾಲು ಪೂರ್ತಿ ಬರೀ ಕಡ್ಡಿ. ತುದಿ ನೋಡಿದರೆ ಬ್ಲೇಡಿನಲ್ಲಿ ಓರೆಯಾಗಿ ಕೊಯ್ದ ಹಾಗಿದೆ. ಮೇಕೆ ಮೇಯ್ದಿದ್ದರೆ ಎಳೆದು ಹರಿದಿರುತ್ತಿತ್ತು. ಪಕ್ಕದಲ್ಲೇ ಹಿಕ್ಕೆ, ಮೇಕೆಯದಕ್ಕಿಂತ ದುಂಡಗೆ. ಬೆರಳಲ್ಲಿ ಹಿಸುಕಿದರೆ ಒಣಹುಲ್ಲಿನ ಪುಡಿ. ತೊಟ್ಟಿ ಪಕ್ಕದ ಎರಡು ಗುಂಟೆ ಮಾಡುತ್ತಿದ್ದ ತಾತ ಬಗ್ಗಿ ನೋಡಿ "ಕುಂದೇಲು" ಅಂದರು, ಅಂದರೆ ಮೊಲ. ನಮ್ಮ ಕಡೆ ಅರ್ಧ ತೆಲುಗು ಅಲ್ವಾ.

ಮೆಣಸಿನಪುಡಿ ನೀರು ಹೊಡೆದೆವು. ಕಟಿಂಗ್ ಶಾಪಿನಿಂದ ಕೂದಲು ತಂದು ಚೆಲ್ಲಿದೆವು. ಹಳೇ ಸೀರೆ ಸುತ್ತ ಕಟ್ಟಿದೆವು. ಮೂರನೇ ದಿನ ಸೀರೆಯ ಸೆರಗಿನ ಕೆಳಗೇ ಹಿಕ್ಕೆ ಬಿದ್ದಿತ್ತು. ಕೊನೆಗೆ ತಲಾ 2,000 ರೂಪಾಯಿ ಹಾಕಿ, ಒಟ್ಟು 30,000ಕ್ಕೆ ಸುತ್ತಲೂ ಕೋಳಿ ಜಾಲರಿ ಎಳೆಸಿದೆವು. ಮೂರು ಅಡಿ ಎತ್ತರ. ಬುಡದಲ್ಲಿ ಅರ್ಧ ಅಡಿ ಹೊರಕ್ಕೆ ಮಡಚಿ, ಮೇಲೆ ಕಲ್ಲು ಮಣ್ಣು. ಮುಂದೆ ನಿಂತು ಮಾಡಿಸಿದವನು ನಾನೇ. ಬೇಲಿಯಲ್ಲಿ ಇವತ್ತಿಗೂ ತಪ್ಪು ಹುಡುಕಕ್ಕಾಗಲ್ಲ.

ತಪ್ಪಿದ್ದು ಅದಕ್ಕೂ ಮುಂಚೆ. ಬೇಲಿ ಮುಚ್ಚುವ ದಿನ ಒಳಗೆ ಮೊಲ ಇದೆಯಾ ಅಂತ ನೋಡಲು ಇಡೀ ಎಕರೆ ಸುತ್ತಿದೆ. ಏನು ಹುಡುಕಿದೆ ಗೊತ್ತಾ? ಬಿಲ! ಇಲಿ ಬಿಲ ಬಿಟ್ಟರೆ ಏನೂ ಸಿಗಲಿಲ್ಲ. ಬಿಲ ಇಲ್ಲ, ಹಾಗಾಗಿ ಮೊಲ ಇಲ್ಲ ಅಂತ ಗೇಟು ಹಾಕಿಸಿದೆ. ಕನ್ನಡದಲ್ಲಿ ಸಾಕುವುದಕ್ಕೂ ಕಾಡಿನದಕ್ಕೂ ಎರಡಕ್ಕೂ ಮೊಲ ಅಂತೀವಿ, ನನ್ನ ತಲೆ ಕೆಟ್ಟಿದ್ದು ಅಲ್ಲೇ. ಅಂಗಡಿಯಲ್ಲಿ ಸಾಕಲು ಮಾರುವ ಬಿಳೀ ಮೊಲ ಯುರೋಪಿನ ಜಾತಿ. ಬಿಲ ತೋಡುವುದು ಅದು. ನಮ್ಮ ಹೊಲದ ಮೊಲ ಬೇರೆ, ಕತ್ತಿನ ಹಿಂದೆ ಕಪ್ಪು ಮಚ್ಚೆ ಇರುವಂಥದ್ದು. ಅದು ಬಿಲ ತೋಡಲ್ಲ. ಹಗಲೆಲ್ಲ ಹುಲ್ಲಿನಲ್ಲಿ ಮೈಯಷ್ಟೇ ಅಗಲದ ತಗ್ಗು ಮಾಡಿಕೊಂಡು ಕಿವಿ ಬೆನ್ನಿಗೆ ಅಂಟಿಸಿ ಮಲಗಿರುತ್ತದೆ. ಕಾಲಡಿಗೆ ಬರುವ ತನಕ ಅಲುಗಾಡಲ್ಲ. ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತದೆ, ಮೈತುಂಬ ಕೂದಲಿರುತ್ತದೆ. ಅದಕ್ಕೂ ಬಿಲ ಬೇಡ. ನಾನು ಆ ಹುಲ್ಲಿನ ಮೂಲೆ ಪಕ್ಕ ನಾಲ್ಕು ಸಲ ಓಡಾಡಿದೆ, ಕಣ್ಣು ನೆಲದಲ್ಲಿ ತೂತು ಹುಡುಕುತ್ತಾ.

ಅಂದರೆ 30,000 ರೂಪಾಯಿ ಕೊಟ್ಟು ಮೊಲವನ್ನು ಒಳಗೆ ಕೂಡಿಹಾಕಿದೆ!

ಮುಂಚೆ ಒಂದು ಸಾಲು ಮೇಯ್ದು ಬೆಟ್ಟದ ಕಡೆ ಹೋಗುತ್ತಿತ್ತು. ಈಗ ಪೂರ್ತಿ ನಮ್ಮ ಊಟವೇ. ಹಾರಬಹುದಿತ್ತೇನೋ, ಒಳಗೇ ಮೇವಿದ್ದಾಗ ಯಾಕೆ ಹಾರುತ್ತೆ? ಹನ್ನೊಂದು ದಿನದಲ್ಲಿ ಬೀನ್ಸ್ ಹೋಯಿತು, ಅಲಸಂದೆ ಹೋಯಿತು, ಕಡಲೆಕಾಯಿ ಗಿಡ, ಕ್ಯಾರೆಟ್ ಸೊಪ್ಪು ಎಲ್ಲ ಹೋಯಿತು. ಟೊಮೆಟೊ, ಬದನೆ ಮಾತ್ರ ನಮ್ಮಲ್ಲಿ ಮುಟ್ಟಲಿಲ್ಲ. ಎರಡನೇ ದಿನವೇ ನಾನು ತಾತನ ಮೇಲೆ ಹರಿಹಾಯ್ದೆ. "ಗೇಟು ತೆಗೆದಿಟ್ಟು ಹೋಗ್ತೀರಲ್ಲ ತಾತ, ದುಡ್ಡೇನು ಮರದಲ್ಲಿ ಬಿಡುತ್ತಾ?" ಎಲ್ಲರ ಎದುರಿಗೆ. ಅವರು ಏನೂ ಅನ್ನಲಿಲ್ಲ. ಮಾರನೇ ದಿನ ತಾವೇ ಒಂದು ಬೀಗ ತಂದು ಹಾಕಿ, ಕೀಲಿ ನನ್ನ ಕೈಗೆ ಕೊಟ್ಟು "ನೀನೇ ಇಟ್ಕೊಳಪ್ಪ" ಅಂದರು.

ಹನ್ನೆರಡನೇ ದಿನ ಯಾರೋ ಹಸುವಿಗೆ ಅಂತ ಆ ಮೂಲೆಯ ಹುಲ್ಲು ಕೊಯ್ಯಲು ಕುಡುಗೋಲು ಹಾಕಿದರು, ಎಗರಿತು. ಜಾಲರಿಗೆ ಗುದ್ದಿ ವಾಪಸ್ ಬಂತು. ಅದು ಮಲಗಿದ್ದ ತಗ್ಗಿಗೆ ಅಂಗೈ ಇಟ್ಟು ನೋಡಿದೆ, ಇನ್ನೂ ಬೆಚ್ಚಗಿತ್ತು. ಅಟ್ಟಿಸಿಕೊಂಡು ಹೋದರೆ ಗೇಟಿನ ಕಡೆ ಹೋಗಲೇ ಇಲ್ಲ. ಸಂಜೆ ಬೆಟ್ಟದ ಕಡೆಯ ಜಾಲರಿ ಎತ್ತಿಟ್ಟು, ಅಲ್ಲಿ ಬೂದಿ ಚೆಲ್ಲಿ ಎಲ್ಲರೂ ಮನೆಗೆ ಹೋದೆವು. ಬೆಳಿಗ್ಗೆ ಬೂದಿಯ ಮೇಲೆ ಹೊರಗೆ ಹೋದ ಹೆಜ್ಜೆ ಇತ್ತು.

ನಿಮ್ಮ ಉರುಳಿನ ವಿಷಯ. ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ, ಉರುಳು ಹಾಕಿ ಹಿಡಿಯುವುದೂ ಬೇಟೆಯೇ. "ಬೆಟ್ಟಕ್ಕೆ ಬಿಡೋಣ ಅಂತಿದ್ವಿ" ಅಂದರೆ ಕೇಸು ತಪ್ಪಲ್ಲ. ಅದೂ ಅಲ್ಲದೆ ಉರುಳಿಗೆ ಬೀಳುವುದು ಮೊಲವೇ ಅಂತ ಏನು ಗ್ಯಾರಂಟಿ? ನಾಯಿ, ಬೆಕ್ಕು, ಮುಂಗುಸಿ ಯಾವುದೂ ಬೀಳಬಹುದು.

ನಿಜ ಹೇಳಬೇಕೆಂದರೆ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣಲಿಲ್ಲ. ತೋಟದ ಸುತ್ತ ಕಳೆ, ಪೊದೆ ಎಲ್ಲ ಕಿತ್ತು ನೀಟಾಗಿಟ್ಟಿದ್ದೇವೆ ಅಂತ ಖುಷಿಯಾಗಿ ಬರೆದಿದ್ದೀರಿ. ಬೇಸಿಗೆಯಲ್ಲಿ ಬೆಟ್ಟ ಒಣಗಿರುತ್ತದೆ, ಇದ್ದ ಹುಲ್ಲನ್ನು ನೀವು ಕಿತ್ತಿರಿ. ಹಸಿರು ಉಳಿದಿದ್ದು ನಿಮ್ಮ ಬೀನ್ಸ್ ಒಂದೇ. ಇನ್ನೆಲ್ಲಿಗೆ ಹೋಗಬೇಕು ಅದು? ಹೊರಗಿನ ಹುಲ್ಲು ಬೆಳೆಯಲು ಬಿಡಿ. ಒಬ್ಬೊಬ್ಬರೇ ಬೇಲಿ ಹಾಕಬೇಡಿ, ದುಡ್ಡು ದಂಡ. ಎಲ್ಲ ಸೇರಿ ಒಂದೇ ಬೇಲಿ ಹಾಕಿ. ಅದಕ್ಕೂ ಮುಂಚೆ ಒಳಗಿನ ಹುಲ್ಲನ್ನು ಒಂದು ತುದಿಯಿಂದ ಕೊಯ್ಯುತ್ತಾ ಬನ್ನಿ, ಬೆಟ್ಟದ ಕಡೆ ತೆರೆದಿರಲಿ, ಆ ರಾತ್ರಿ ಬೂದಿ ಚೆಲ್ಲಿ ನೋಡಿ. ಹೊರಗೆ ಹೋದ ಹೆಜ್ಜೆ ಕಂಡ ಮೇಲೆ ಮುಚ್ಚಿ.

ಈಗ ನಮ್ಮ ಬೇಲಿ ಆ ಮೂಲೆಯನ್ನು ಹೊರಗೆ ಬಿಟ್ಟು ಹೋಗುತ್ತದೆ. ತಾತ ಮುಂದಿನ ವರ್ಷದ ಗುತ್ತಿಗೆಗೆ ಸೇರಲಿಲ್ಲ. ಅವರು ನೆಟ್ಟಿದ್ದ ನುಗ್ಗೆ ತೊಟ್ಟಿ ಪಕ್ಕ ಚೆನ್ನಾಗಿ ಬಂದಿದೆ. ಕಾಯಿ ಬಿಟ್ಟಾಗ ಒಂದು ಕಟ್ಟು ಅವರ ಮನೆಗೆ ಕೊಟ್ಟು ಬರುತ್ತೇನೆ. ಬಾಗಿಲಿಗೆ ಬಂದು ತೆಗೆದುಕೊಳ್ಳುವುದು ಅವರ ಸೊಸೆ.