ಸ್ಲಾಲಮ್ ವಾಟರ್ ಸ್ಕೀಯಿಂಗ್ ಸ್ಪರ್ಧೆಗೆ ಹೊಸಬರು ಹೇಗೆ ತಯಾರಾಗಬೇಕು?

ತೀರ್ಥಹಳ್ಳಿಯವರಾದ ನೀವು ಓದಲು ಫ್ಲೋರಿಡಾಕ್ಕೆ ಹೊರಟಿದ್ದೀರಿ, ಅಲ್ಲಿನ ಕಾಲೇಜಿನ ಸ್ಕೀ ತಂಡ ಸೇರುವ ಆಸೆಯಿದೆ. ತುಂಗೆಯಲ್ಲಿ ಈಜಿ ಬೆಳೆದದ್ದು ಬಿಟ್ಟರೆ ಬೇರೆ ಅನುಭವವಿಲ್ಲ, ನಗೆಪಾಟಲಾಗದೆ ಸ್ಪರ್ಧೆಗೆ ಇಳಿಯುವುದು ಹೇಗೆ ಎಂದು ಕೇಳಿದ್ದೀರಿ. ನಾನು ಸಾಗರದ ಕಡೆಯವನು. ಉದ್ಯೋಗದ ನೆಪದಲ್ಲಿ ಅದೇ ರಾಜ್ಯದಲ್ಲಿ ಏಳು ವರ್ಷ ಇದ್ದು, ಮೂವತ್ತು ದಾಟಿದ ಮೇಲೆ ಈ ಆಟ ಕಲಿತವನು. ಈಗ ಊರಿನಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದೇನೆ. ನಗೆಪಾಟಲಾಗುವುದಂತೂ ಖಚಿತ, ಅದನ್ನು ಮೊದಲ ವಾರದಲ್ಲೇ ಮುಗಿಸಿಕೊಂಡುಬಿಡಿ.

ಮೋಟಾರು ದೋಣಿ ಎಳೆಯುವ ಹಗ್ಗದ ಹಿಡಿಕೆ ಹಿಡಿದು, ಕಾಲಿಗೆ ಸ್ಕೀ ಎಂಬ ಹಲಗೆ ತೊಟ್ಟು ನೀರಿನ ಮೇಲೆ ಜಾರುವುದೇ ವಾಟರ್ ಸ್ಕೀಯಿಂಗ್; ಹಾಗೆ ಜಾರುತ್ತ ತೇಲುವ ಚೆಂಡುಗಳನ್ನು ಸುತ್ತಿ ಹೋಗುವುದು ಸ್ಲಾಲಮ್. ಹಗ್ಗ ಕೈಗೆ ಬಂದ ಕೂಡಲೇ ಎಲ್ಲರೂ ಮಾಡುವ ತಪ್ಪು, ಬಾವಿಯಿಂದ ಕೊಡ ಸೇದುವ ಹಾಗೆ ಹಿಡಿಕೆಯನ್ನು ಎದೆಗೆ ಎಳೆದುಕೊಳ್ಳುವುದು. ಹಾಗೆ ಎಳೆದವನು ಬೆನ್ನಡಿಯಾಗಿ ಬೀಳುತ್ತಾನೆ. ನೀರಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ತೋಳು ನೇರ ಬಿಟ್ಟು, ದೋಣಿಯೇ ನಿಮ್ಮನ್ನು ಎಬ್ಬಿಸುವವರೆಗೆ ತಾಳ್ಮೆಯಿಂದಿರಬೇಕು. ಬಿದ್ದರೆ ಹಿಡಿಕೆ ಬಿಟ್ಟುಬಿಡಿ, ಹಗ್ಗವನ್ನು ಎಂದಿಗೂ ಕೈಗೆ ಸುತ್ತಿಕೊಳ್ಳಬೇಡಿ, ಮೇಲೆ ಬಂದೊಡನೆ ಕೈಯೆತ್ತಿ ತೋರಿಸಿ. ಎರಡು ಹಲಗೆಗಳ ಮೇಲೆ ನಿಲ್ಲಲು ಬಂದ ಮೇಲೆ ಒಂದೊಂದೇ ಕಾಲನ್ನು ತುಸು ಎತ್ತಿ ನೋಡಿ. ಯಾವ ಕಾಲಿನ ಮೇಲೆ ಗಟ್ಟಿಯಾಗಿ ನಿಲ್ಲುತ್ತೀರೋ ಅದು ಮುಂದೆ. ಸ್ಲಾಲಮ್ ಆಡುವುದು ಒಂದೇ ಹಲಗೆಯ ಮೇಲೆ.

ಇನ್ನು ಸ್ಪರ್ಧೆ. ದೋಣಿ 259 ಮೀಟರ್ ನೇರ ಹೋಗುತ್ತದೆ. ಅದರ ಹಾದಿಯಿಂದ ಹನ್ನೊಂದೂವರೆ ಮೀಟರ್ ಆಚೆ ಎಡಕ್ಕೊಂದು ಬಲಕ್ಕೊಂದರಂತೆ ಲಂಗರು ಹಾಕಿದ ಆರು ಚೆಂಡುಗಳು ತೇಲುತ್ತಿರುತ್ತವೆ. ಒಳಹೋಗಲು ಎರಡು ಚೆಂಡುಗಳ ನಡುವೆ ನಮ್ಮ ತೋಟದ ದಣಪೆಯಂಥ ಒಂದು ಬಾಗಿಲು, ಹೊರಬರಲು ಇನ್ನೊಂದು. ಆರನ್ನೂ ಹೊರಗಿನಿಂದ ಸುತ್ತಿ ಬಂದರೆ ವೇಗ ಗಂಟೆಗೆ 3 ಕಿ.ಮೀ. ಏರುತ್ತದೆ. ಗರಿಷ್ಠ ವೇಗ ಗಂಡಸರಿಗೆ 58, ಹೆಂಗಸರಿಗೆ 55 ಕಿ.ಮೀ. ಅದನ್ನೂ ಮುಗಿಸಿದವರಿಗೆ 18.25 ಮೀಟರಿನ ಹಗ್ಗವನ್ನೇ ಹಂತ ಹಂತವಾಗಿ ಮೊಟಕು ಮಾಡುತ್ತಾರೆ. ಹಗ್ಗ 11.25 ಮೀಟರಿಗೆ ಇಳಿಯಿತೆಂದರೆ ಅದರ ಉದ್ದ ಚೆಂಡಿನ ದೂರಕ್ಕಿಂತಲೂ ಕಡಿಮೆ! ಉಳಿದದ್ದನ್ನು ಮೈ ಚಾಚಿ ತುಂಬಿಸಬೇಕು. ಅದು ನಿಮಗೆ ಈಗಲೇ ಬೇಕಾದ ಮಾತಲ್ಲ, ಆದರೆ ದಡದಲ್ಲಿ ನಿಂತು ಮೊದಲ ಸಲ ನೋಡಿದಾಗ ನಾನು ಬಾಯಿ ಕಳೆದು ನಿಂತಿದ್ದೆ.

ನಿಮಗೆ ಬೇಕಾದದ್ದು ನಿಧಾನ ವೇಗ ಮತ್ತು ಕಿರಿದಾದ ಹಾದಿ. ಅನೇಕ ಕಡೆ ಈ ಆರು ಚೆಂಡುಗಳಿಗಿಂತ ಒಳಗೆ, ದೋಣಿಗೆ ಹತ್ತಿರವಾಗಿ ಇನ್ನೊಂದು ಸಾಲು ಚೆಂಡುಗಳನ್ನು, ಅಂದರೆ ಮಿನಿ ಕೋರ್ಸ್ ಹಾಕಿರುತ್ತಾರೆ. ಅದೂ ಇಲ್ಲದಿದ್ದರೆ ಚೆಂಡುಗಳ ಗೊಡವೆಗೇ ಹೋಗದೆ, ದಣಪೆ ದಾಟಿ, ದೋಣಿ ಎಬ್ಬಿಸಿದ ಅಲೆಗಳನ್ನು ಅದೇ ಲಯದಲ್ಲಿ ಆರು ಸಲ ಅಡ್ಡ ಹಾಯಿರಿ. ಲಯ ಮೈಗೆ ಹತ್ತಿದ ಮೇಲೆ ಒಂದೊಂದೇ ಚೆಂಡಿನತ್ತ ಅಗಲವಾಗುತ್ತ ಹೋಗಿ. ಹೊಸಬರು ಚೆಂಡನ್ನೇ ದಿಟ್ಟಿಸಿಕೊಂಡು ನೇರ ಅದರ ಬಳಿಗೆ ನುಗ್ಗುತ್ತಾರೆ. ಅಲ್ಲಿ ತಲುಪಿದಾಗ ತಿರುಗಲು ಜಾಗವೂ ಇರುವುದಿಲ್ಲ, ಹೊತ್ತೂ ಇರುವುದಿಲ್ಲ. ಚೆಂಡು ಬರುವ ಮೊದಲೇ ಅದಕ್ಕಿಂತ ಹೊರಗೆ ಹೋಗಿರಬೇಕು. ಈ ಒಂದು ಮಾತು ನನ್ನ ತಲೆಗೆ ಹೋಗಲು ಎರಡು ಬೇಸಿಗೆ ಹಿಡಿಯಿತು.

ಎಷ್ಟು ವೇಗದಿಂದ ಆರಂಭಿಸಬೇಕೆಂಬುದು ಸ್ಪರ್ಧಿಯ ಆಯ್ಕೆ, ಜಂಬಕ್ಕೆ ಜಾಗವಿರುವುದೂ ಅಲ್ಲಿಯೇ. ಅಭ್ಯಾಸದಲ್ಲಿ ಒಂದೆರಡು ಬಾರಿ 46ರಲ್ಲಿ ಆರೂ ಚೆಂಡು ಸುತ್ತಿದ್ದ ನಾನು ಮೊದಲ ಸ್ಪರ್ಧೆಯಲ್ಲಿ 46ನ್ನೇ ಕೇಳಿದೆ. ಎದೆ ಡವಗುಟ್ಟುತ್ತಿತ್ತು, ಕ್ಷಣ ತಡವಾಗಿ ಹೊರಟೆ, ದಣಪೆಯ ಹೊರಗಿನಿಂದ ಹಾದೆ. ಬಾಗಿಲು ತಪ್ಪಿದವನಿಗೆ ಸೊನ್ನೆ. ಒಂದೂವರೆ ಗಂಟೆ ಕಾರು ಓಡಿಸಿ ಹೋದವನ ಆಟ ಅರ್ಧ ನಿಮಿಷದಲ್ಲಿ ಮುಗಿಯಿತು. ಮುಂದಿನ ಸಲ 40 ಕೇಳಿದೆ. ಅಲ್ಲಿ ಆರು, 43ರಲ್ಲಿ ಆರು, 46ರಲ್ಲಿ ಎರಡೂವರೆ. ಹೌದು, ಚೆಂಡು ಸುತ್ತಿಯೂ ಪೂರ್ತಿ ಮರಳದವರಿಗೆ ಕಾಲು, ಅರ್ಧದ ಲೆಕ್ಕವೂ ಇದೆ. ಆ ಅರ್ಧಕ್ಕೆ ನಾನು ಪಟ್ಟ ಖುಷಿ ಯಾವ ಪರೀಕ್ಷೆಯ ಫಲಿತಾಂಶಕ್ಕೂ ಪಟ್ಟಿರಲಿಲ್ಲ.

ಹೊರಡುವ ಮುನ್ನ ಗೆಳೆಯರ ಮೋಟಾರು ದೋಣಿಗೆ ಹಗ್ಗ ಕಟ್ಟಿ ಶರಾವತಿ ಹಿನ್ನೀರಿನಲ್ಲಿ ಅಭ್ಯಾಸ ಮಾಡಬಹುದೇ ಎಂದೂ ಕೇಳಿದ್ದೀರಿ. ಬೇಡ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರುಗಳ ಜೊತೆ ಕಾಡೂ ಮುಳುಗಿತು. ನಮ್ಮ ಮನೆಯ ಹಿರಿಯರೂ ಆ ಮುಳುಗಡೆಯಿಂದ ಎದ್ದು ಬಂದವರೇ. ಆ ಮರಗಳ ಬೊಡ್ಡೆಗಳು ಇನ್ನೂ ನಿಂತಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ಕಣ್ಣಿಗೆ ಬೀಳುವ ಬೊಡ್ಡೆಗಿಂತ, ಮೇಲ್ಮೈಯಿಂದ ಮೊಳದುದ್ದ ಕೆಳಗೆ ಅಡಗಿರುವ ಬೊಡ್ಡೆ ಅಪಾಯ. ನಲವತ್ತು ಕಿಲೋಮೀಟರ್ ವೇಗದಲ್ಲಿ ಅದರ ಮೇಲೆ ಬೀಳುವುದನ್ನು ಒಮ್ಮೆ ಊಹಿಸಿಕೊಳ್ಳಿ. ನೀರಿನ ಮೇಲಿರುವ ಆಸೆ ತೀರದಿದ್ದರೆ ಅದೇ ಹಿನ್ನೀರಿನ ದಡದ ಹೊನ್ನೆಮರಡಿಗೆ ಹೋಗಿ ಲೈಫ್ ಜಾಕೆಟ್ ತೊಟ್ಟು ಕಯಾಕ್ ನಡೆಸಿ.

ಮನೆಯಲ್ಲೇ ಮಾಡಬಹುದಾದ ಒಂದು ಅಭ್ಯಾಸವಿದೆ. ಸೊಂಟದೆತ್ತರಕ್ಕೆ ಹಗ್ಗ ಕಟ್ಟಿ, ತುದಿಗೆ ಗಟ್ಟಿ ಕೋಲು ಸಿಕ್ಕಿಸಿ, ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ವಾಲಿ. ತೋಳು ನೇರ, ಮಂಡಿ ಮೆತ್ತಗೆ, ಸೊಂಟ ಹಿಡಿಕೆಯತ್ತ ಮುಂದಕ್ಕೆ, ನೋಟ ದೂರಕ್ಕೆ. ದಿನಕ್ಕೆ ಹತ್ತು ನಿಮಿಷ ಸಾಕು. ಅಡಿಕೆ ಮರಕ್ಕೆ ಕಟ್ಟಬೇಡಿ, ಬಾಗುತ್ತದೆ. ಹಿತ್ತಿಲಿನ ಹಲಸಿನ ಮರವೇ ಸರಿ. ಇದೇನು ಅವತಾರವೆಂದು ಅಮ್ಮ ಕೇಳಿದರೆ ಉತ್ತರಿಸುವ ಭಾರ ಮಾತ್ರ ನಿಮ್ಮದು.