ಮೋಡದೊಳಗೆ ಗ್ಲೈಡರ್: ಉಪಕರಣವಿದ್ದರೆ ಸಾಕೇ?

ಮಾನ್ಯರೇ,

ಅಕಸ್ಮಾತ್ ಮೋಡದೊಳಗೆ ಸಿಕ್ಕಿಕೊಂಡ ಗ್ಲೈಡರ್ (ಎಂಜಿನ್ ಬಲವಿಲ್ಲದೆ ತೇಲುವ ವಿಮಾನ) ಚಾಲಕನ ಜೀವ ಉಳಿಸಬಲ್ಲ, ರೆಕ್ಕೆ ಎತ್ತ ವಾಲಿದೆಯೆಂದು ತೋರಿಸುವ ಕೃತಕ ದಿಗಂತದಂತಹ ಉಪಕರಣವನ್ನು ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ನಿಷೇಧಿಸುತ್ತ ಬಂದಿರುವುದು ಯಾವ ನ್ಯಾಯ, ಕೊನೆಗೆ ಮೊಬೈಲ್ ಆ್ಯಪ್ ಆದರೂ ಸಾಲದೇ ಎಂದು ರಾಜಾಜಿನಗರದಿಂದ ತಾವು ಬರೆದು ಕೇಳಿದ್ದೀರಿ.

ಸ್ಪರ್ಧೆಯ ಮಾತನ್ನು ಮೊದಲು ಮುಗಿಸುತ್ತೇನೆ. ಮೇಲೇರುವ ಒಂದೇ ಬಿಸಿಗಾಳಿಯಲ್ಲಿ ಹತ್ತಾರು ಗ್ಲೈಡರ್‌ಗಳು ಸುತ್ತುತ್ತಿರುವಾಗ ಒಂದು ಗ್ಲೈಡರ್ ಉಪಕರಣದ ಧೈರ್ಯದಲ್ಲಿ ಮೋಡ ಹೊಕ್ಕು ಎತ್ತರ ಗಳಿಸಿದರೆ ಉಳಿದವೂ ಅದರ ಹಿಂದೆಯೇ ಮೋಡ ಹೊಗುತ್ತವೆ, ಒಳಗೆ ಒಬ್ಬರಿಗೊಬ್ಬರು ಕಾಣುವುದಿಲ್ಲ. ಆ ನಿಷೇಧ ಸರಿಯೆಂದೇ ನನ್ನ ಅಭಿಪ್ರಾಯ.

ಸ್ಪರ್ಧೆಯ ಹೊರಗಿನ ಹಾರಾಟದ ಬಗ್ಗೆ ತಮ್ಮ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ತಮ್ಮ ಪತ್ರ ಓದಿದ ದಿನ ನಮ್ಮ ಕಚೇರಿಯ ತಿರುಗುಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತು, ಒಂದೇ ವೇಗದಲ್ಲಿ ನಿಧಾನವಾಗಿ ತಿರುಗಿಸುವಂತೆ ಸಹೋದ್ಯೋಗಿಯೊಬ್ಬರಿಗೆ ಹೇಳಿದೆ. ಅರ್ಧ ನಿಮಿಷದಲ್ಲಿ ಕುರ್ಚಿ ನಿಂತಿದೆ ಎಂದೇ ಅನ್ನಿಸಿತು. ಅವರು ನಿಜವಾಗಿ ನಿಲ್ಲಿಸಿದಾಗ, ಎದುರು ದಿಕ್ಕಿಗೆ ತಿರುಗುತ್ತಿದ್ದೇನೆಂದು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಒಳಕಿವಿಯ ಅರ್ಧವೃತ್ತಾಕಾರದ ನಾಳಗಳಲ್ಲಿರುವ ದ್ರವವು ತಿರುವಿನ ಬದಲಾವಣೆಯನ್ನು ತಿಳಿಸುತ್ತದೆಯೇ ಹೊರತು ಒಂದೇ ಸಮನೆ ಸಾಗುವ ತಿರುವನ್ನಲ್ಲ. ಮೋಡದೊಳಗೂ ಹೀಗೆಯೇ: ರೆಕ್ಕೆ ವಾಲಿದ್ದು ತಿಳಿಯದ ಚಾಲಕ, ವೇಗ ಏರಿದ್ದನ್ನು ಕಂಡು ನಿಯಂತ್ರಣದ ಸ್ಟಿಕ್ಕನ್ನು ಹಿಂದಕ್ಕೆಳೆದಷ್ಟೂ ಸುರುಳಿ ಬಿಗಿಯಾಗುತ್ತದೆ, ಕೊನೆಗೆ ರೆಕ್ಕೆಯೇ ಮುರಿಯಬಹುದು.

1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು, ಉಪಕರಣ ನೋಡಿ ಹಾರಿಸುವ ತರಬೇತಿಯಿಲ್ಲದ 20 ವಿಮಾನ ಚಾಲಕರನ್ನು ಪರೀಕ್ಷಿಸಿದ್ದರು. ತಿರುವು ಸೂಚಕ ಕಣ್ಣೆದುರಿಗಿದ್ದರೂ, ಹೊರನೋಟ ತಪ್ಪಿದ ಮೇಲೆ ಎಲ್ಲರೂ, ಸರಾಸರಿ 178 ಸೆಕೆಂಡುಗಳಲ್ಲಿ, ಹಿಡಿತ ಕಳೆದುಕೊಂಡರು. ಅದೇ ಸೂಚಕವನ್ನು ನಂಬಿ ಹಿಂದಿರುಗುವುದನ್ನು ಕಲಿಸಿದ ಮೇಲೆ ಬಹುತೇಕ ಪ್ರತಿ ಸಲವೂ ಪಾರಾದರು. ಯುರೋಪಿನಲ್ಲಿ ಗ್ಲೈಡರ್ ಚಾಲಕರಿಗೆ ಮೋಡ ಹಾರಾಟಕ್ಕೆಂದೇ ಪ್ರತ್ಯೇಕ ಅರ್ಹತೆ (ತರಬೇತಿಯ ನಂತರ ಸಿಗುವ ಅನುಮತಿ) ಇರುವುದು ಇದಕ್ಕಾಗಿಯೇ. ಅಂಥ ತರಬೇತಿ ಪಡೆದು ಅಭ್ಯಾಸ ಬಿಡದವರು ಉಪಕರಣವನ್ನು ಅಗತ್ಯವಾಗಿ ಒಯ್ಯಲಿ. ಕಲಿಯದವರ ಕೈಯಲ್ಲಿ ಅದು ಮೋಡದ ಹತ್ತಿರ ಇನ್ನಷ್ಟು ಹೊತ್ತು ನಿಲ್ಲುವ ಧೈರ್ಯ ಕೊಡುತ್ತದೆ ಎಂಬುದೇ ನನ್ನ ಭಯ.

ಮೊಬೈಲನ್ನಂತೂ ನೆಚ್ಚಬೇಡಿ. ಸಮತೋಲನದ, ಎಂದರೆ ಪಕ್ಕಕ್ಕೆ ಜಾರದ, ತಿರುವಿನಲ್ಲಿ ರೆಕ್ಕೆ ಎಷ್ಟೇ ವಾಲಿದ್ದರೂ, ಕಾಕ್‌ಪಿಟ್‌ನೊಳಗೆ ತೂಗುಬಿಟ್ಟ ದಾರ ಆಸನಕ್ಕೆ ನೇರವಾಗಿಯೇ ನಿಲ್ಲುತ್ತದೆ. ಫೋನಿನೊಳಗೆ ವಾಲಿಕೆ ಅಳೆಯುವ ಸೆನ್ಸರ್ ಕೂಡ ಆ ದಾರದಂತೆಯೇ ಮೋಸಹೋಗುತ್ತದೆ.

ಏಪ್ರಿಲ್ ಮಧ್ಯಾಹ್ನ ನಂದಿಬೆಟ್ಟದ ಕಡೆ ಹೂಕೋಸಿನಂತೆ ಉಬ್ಬುವ ಮೋಡವನ್ನು ತಾವು ಕಂಡಿರುತ್ತೀರಿ. ಅಂಥ ಮೋಡದ ತಳ ಸಮೀಪಿಸಿದಂತೆ ಮೇಲಕ್ಕೆಳೆಯುವ ಗಾಳಿ ಬಲವಾಗಬಹುದು. ಆದ್ದರಿಂದ ನೆಲ ಸ್ಪಷ್ಟವಾಗಿ ಕಾಣುತ್ತಿರುವಾಗಲೇ ಏರ್‌ಬ್ರೇಕ್ (ಗ್ಲೈಡರನ್ನು ಬೇಗ ಕೆಳಗಿಳಿಸುವ ರೆಕ್ಕೆಯ ಫಲಕ) ತೆರೆದು, ಮೋಡದ ಅಂಚಿನತ್ತ ನೇರವಾಗಿ ಹೊರಟುಬಿಡಬೇಕು.

— ಸಂಪಾದಕ